ವೈನ್ ಸೆಲ್ಲರಿನ ತೇವ ಇಳಿಯುತ್ತಿಲ್ಲವೇ? ಡೆಸಿಕೆಂಟ್ ಬದಲಿಸುವ ಮೊದಲು ಅದನ್ನು ತೂಗಿ ನೋಡಿ

ಸೆಲ್ಲರಿನ ಬಾಗಿಲು ತೆಗೆದ ಕೂಡಲೇ ಮುಗ್ಗಲು ವಾಸನೆ ಬಂತು. ಕೆಳಗಿನ ಸಾಲಿನಿಂದ ಒಂದು ಬಾಟಲಿ ಹೊರಗೆಳೆದೆ. ಲೇಬಲ್ಲಿನ ಎಡ ಮೂಲೆ ಗಾಜಿನಿಂದ ಎದ್ದು ಸುರುಳಿಯಾಗಿತ್ತು. ಹೆಬ್ಬೆರಳಿನಿಂದ ಒತ್ತಿದರೆ ಕಾಗದ ಗಾಜಿನ ಮೇಲೆ ಜಾರುತ್ತಿತ್ತು. ಅಂಟು ಅಷ್ಟು ಮೆತ್ತಗಾಗಿತ್ತು. ಗೋಡೆಯ ಮೇಲಿನ, ಗಾಳಿಯ ತೇವಾಂಶ ಅಳೆಯುವ ಹೈಗ್ರೋಮೀಟರ್ ಶೇ. 84 ತೋರಿಸುತ್ತಿತ್ತು. ನಾಲ್ಕು ದಿನದ ಹಿಂದಷ್ಟೇ ನಾಲ್ಕು ಟ್ರೇಗಳಲ್ಲಿ ಟ್ರೇಗೆ ಒಂದು ಕಿಲೋದಂತೆ ಹೊಸ ಸಿಲಿಕಾ ಜೆಲ್, ಅಂದರೆ ತೇವ ಹೀರುವ ಮಣಿಗಳನ್ನು ಹರಡಿಟ್ಟಿದ್ದೆ. ಆಗ ಇದ್ದದ್ದು ಶೇ. 86. ಇಳಿದದ್ದು ಬರೀ ಎರಡು.

ಜೆಲ್ ಕಳಪೆ ಮಾಲು ಅಂತ ಮೊದಲು ಅನ್ನಿಸಿತು. ಇನ್ನೂ ಹತ್ತು ಕಿಲೋ ತರಿಸೋಣ ಅಂದುಕೊಂಡೆ. ಅದಕ್ಕೂ ಮುಂಚೆ ಒಂದು ಟ್ರೇ ತಂದು ಅಡುಗೆಮನೆಯ ತಕ್ಕಡಿಯ ಮೇಲಿಟ್ಟೆ. ಇಡುವಾಗ 1,000 ಗ್ರಾಂ ಇದ್ದ ಜೆಲ್ ಈಗ 1,330 ಗ್ರಾಂ ಆಗಿತ್ತು. ನಾಲ್ಕೂ ಟ್ರೇ ಸೇರಿ 1.3 ಲೀಟರ್ ನೀರು ಕುಡಿದಿದ್ದವು. ಅಂದರೆ ಜೆಲ್ ತನ್ನಿಂದ ಆಗುವಷ್ಟು ಕೆಲಸವನ್ನು ಪೂರ್ತಿ ಮಾಡಿ ಮುಗಿಸಿತ್ತು. ದೋಷ ಅದರದ್ದಲ್ಲ. ಹಾಗಾದರೆ ಅಷ್ಟು ನೀರು ಬಂದದ್ದು ಎಲ್ಲಿಂದ?

ಸೆಲ್ಲರಿನ ತೇವದ ತೊಂದರೆಗಳಲ್ಲಿ ಹೆಚ್ಚಿನವು ಕೊನೆಗೆ ಬಂದು ನಿಲ್ಲುವುದು ಈ ಪ್ರಶ್ನೆಯ ಮುಂದೆಯೇ. ಡೆಸಿಕೆಂಟ್, ಅಂದರೆ ಸಿಲಿಕಾ ಜೆಲ್ಲಿನಂಥ ತೇವ ಹೀರುವ ವಸ್ತು, ಒಂದು ಲೋಟ, ಚರಂಡಿ ಅಲ್ಲ. ಲೋಟ ತುಂಬಿದ ಮೇಲೆ ಅದು ಸುಮ್ನೆ ಕೂತಿರುತ್ತದೆ. ಹಾಗಾಗಿ ಯಾವ ಲೋಟ ಒಳ್ಳೆಯದು ಅಂತ ಹುಡುಕುವ ಮೊದಲು ದಿನಕ್ಕೆ ಎಷ್ಟು ನೀರು ಬರುತ್ತಿದೆ ಅಂತ ಅಳೆಯಬೇಕು.

ಮೀಟರ್ ಹೇಳುತ್ತಿರುವುದು ನಿಜವೇ?

ಗುರಿ ಏನು ಅನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ತಾಪಮಾನ 12ರಿಂದ 14 ಡಿಗ್ರಿ ಸೆಲ್ಸಿಯಸ್, ತೇವಾಂಶ ಶೇ. 55ರಿಂದ 75ರ ನಡುವೆ. ನಾನು ಶೇ. 65ರ ಆಸುಪಾಸು ಇಟ್ಟುಕೊಳ್ಳುತ್ತೇನೆ. ಶೇ. 75 ದಾಟಿ ವಾರಗಟ್ಟಲೆ ಹಾಗೇ ನಿಂತರೆ ಲೇಬಲ್ಲಿಗೆ, ರಟ್ಟಿನ ಪೆಟ್ಟಿಗೆಗೆ ಬೂಷ್ಟು ಹಿಡಿಯಲು ಶುರುವಾಗುತ್ತದೆ. ಶೇ. 50ಕ್ಕಿಂತ ಕೆಳಗೆ ತಿಂಗಳುಗಟ್ಟಲೆ ಇದ್ದರೆ ಕಾರ್ಕಿನ ಹೊರ ತುದಿ ಒಣಗಿ ಸಣ್ಣಗಾಗುವ ಭಯ.

ಈಗ ಮೀಟರಿನ ವಿಷಯ. ಮನೆಬಳಕೆಯ ಡಿಜಿಟಲ್ ಹೈಗ್ರೋಮೀಟರುಗಳು ಹೊಸದರಲ್ಲೇ ಮೂರರಿಂದ ಐದು ಅಂಕ ಆಚೀಚೆ ತೋರಿಸುವುದು ಮಾಮೂಲು. ಹಳೆಯದಾದ ಮೇಲೆ ಇನ್ನೂ ಜಾಸ್ತಿ. ಮುಳ್ಳಿನ ಮೀಟರನ್ನಂತೂ ಪರೀಕ್ಷೆ ಮಾಡದೆ ನಂಬಲೇಬೇಡಿ.

ಪರೀಕ್ಷೆ ಸುಲಭ. ಬಾಟಲಿಯ ಮುಚ್ಚಳವೊಂದಕ್ಕೆ ಅಡುಗೆ ಉಪ್ಪು ತುಂಬಿ, ಕೆಲವೇ ಹನಿ ನೀರು ಹಾಕಿ. ಒದ್ದೆ ಮರಳಿನ ಹಾಗಿರಬೇಕು, ಉಪ್ಪು ಪೂರ್ತಿ ಕರಗಬಾರದು. ಅದನ್ನೂ ಮೀಟರನ್ನೂ ಒಂದು ಝಿಪ್ ಕವರಿನಲ್ಲಿಟ್ಟು ಗಾಳಿ ಆಡದ ಹಾಗೆ ಮುಚ್ಚಿ, ತಾಪಮಾನ ಏರಿಳಿಯದ ಜಾಗದಲ್ಲಿ ಒಂದು ದಿನ ಬಿಡಿ. ಒದ್ದೆ ಉಪ್ಪು ತನ್ನ ಸುತ್ತಲಿನ ಗಾಳಿಯನ್ನು ಶೇ. 75ಕ್ಕೆ ತಂದು ನಿಲ್ಲಿಸುತ್ತದೆ. ಮೀಟರ್ 80 ತೋರಿಸಿದರೆ ಅದು ಐದು ಜಾಸ್ತಿ ಹೇಳುತ್ತಿದೆ ಅಂತ ಲೆಕ್ಕ. ಆ ವ್ಯತ್ಯಾಸವನ್ನು ಒಂದು ಚೀಟಿಯಲ್ಲಿ ಬರೆದು ಮೀಟರಿನ ಬೆನ್ನಿಗೆ ಅಂಟಿಸಿ.

ಇಡುವ ಜಾಗವೂ ಮುಖ್ಯ. ತಂಪು ಯಂತ್ರದ ಗಾಳಿ ನೇರ ಬೀಸುವಲ್ಲಿ, ಡೆಸಿಕೆಂಟ್ ಟ್ರೇಯ ಪಕ್ಕದಲ್ಲಿ, ತಣ್ಣನೆಯ ಗೋಡೆಗೆ ಒತ್ತಿಕೊಂಡು ಇಡಬೇಡಿ. ಸಾಧ್ಯವಾದರೆ ಎರಡು ಮೀಟರ್ ಇಡಿ. ಒಂದು ಎದೆಮಟ್ಟದಲ್ಲಿ, ಇನ್ನೊಂದು ಬಾಗಿಲಿಗೆ ತೀರಾ ದೂರದ ಕೆಳಮೂಲೆಯಲ್ಲಿ. ಬೂಷ್ಟು ಶುರುವಾಗುವುದು ಆ ಮೂಲೆಯಲ್ಲಿ. ಗೋಡೆಯ ಮಧ್ಯದ ಮೀಟರಿಗೆ ಅದು ಗೊತ್ತೇ ಆಗುವುದಿಲ್ಲ.

ಗಾಳಿಯಲ್ಲಿರುವ ನೀರು ಬರೀ ಮೂರು ಚಮಚ

ಇಲ್ಲಿ ಸ್ವಲ್ಪ ಲೆಕ್ಕ ಮಾಡೋಣ. ಬೇಸರ ಮಾಡಿಕೊಳ್ಳಬೇಡಿ, ಇಡೀ ರೋಗದ ಮೂಲ ಇದರಲ್ಲಿದೆ.

13 ಡಿಗ್ರಿಯಲ್ಲಿ ಒಂದು ಘನ ಮೀಟರ್ ಗಾಳಿ ಹೆಚ್ಚೆಂದರೆ ಸುಮಾರು 11.4 ಗ್ರಾಂ ನೀರಾವಿ ಹಿಡಿಯುತ್ತದೆ. ಶೇ. 85 ಅಂದರೆ ಅದರಲ್ಲಿ 9.7 ಗ್ರಾಂ ಇದೆ ಅಂತ. ಶೇ. 65 ಅಂದರೆ 7.4 ಗ್ರಾಂ. ನಾವು ತೆಗೆಯಬೇಕಾದದ್ದು ಘನ ಮೀಟರಿಗೆ 2.3 ಗ್ರಾಂ. 20 ಘನ ಮೀಟರಿನ ಸೆಲ್ಲರಿಗೆ ಒಟ್ಟು 46 ಗ್ರಾಂ. ಮೂರು ದೊಡ್ಡ ಚಮಚ ನೀರು, ಅಷ್ಟೇ. ಇನ್ನೂರು ಗ್ರಾಂ ಸಿಲಿಕಾ ಜೆಲ್ ಸಾಕಾಗಬೇಕಿತ್ತು ಅಲ್ವಾ?

ಸಾಕಾಗುವುದಿಲ್ಲ. ಯಾಕೆಂದರೆ ಸೆಲ್ಲರಿನಲ್ಲಿ ಗಾಳಿಯೊಂದೇ ಇಲ್ಲ. ಮರದ ರ‍್ಯಾಕು ಇದೆ, ರಟ್ಟಿನ ಪೆಟ್ಟಿಗೆಗಳಿವೆ. ಮರ ಸುತ್ತಲಿನ ಗಾಳಿಗೆ ತಕ್ಕಂತೆ ನೀರು ಹಿಡಿಯುತ್ತದೆ. ಶೇ. 85ರ ಗಾಳಿಯಲ್ಲಿ ಬಹಳ ದಿನ ಇದ್ದರೆ ತನ್ನ ಒಣ ತೂಕದ ಸುಮಾರು ಶೇ. 18ರಷ್ಟು. ಶೇ. 65ರ ಗಾಳಿಯಲ್ಲಿ ಸುಮಾರು ಶೇ. 12ರಷ್ಟು. ರ‍್ಯಾಕಿನಲ್ಲಿ 100 ಕಿಲೋ ಮರ ಇದ್ದರೆ ಈ ಎರಡರ ನಡುವಿನ ವ್ಯತ್ಯಾಸ ಆರು ಲೀಟರ್ ನೀರು. ಗಾಳಿಯಿಂದ ಮೂರು ಚಮಚ ತೆಗೆದ ಕೂಡಲೇ ಮರ ತನ್ನಲ್ಲಿರುವುದನ್ನು ಬಿಡುತ್ತದೆ. ಮೀಟರ್ ಕದಲುವುದೇ ಇಲ್ಲ. ಮೊದಲ ವಾರದಲ್ಲಿ ಬದಲಾವಣೆ ಕಾಣದಿದ್ದರೆ ಅದು ಸೋಲಲ್ಲ. ಮರದ ಬಾಕಿ ತೀರುತ್ತಿದೆ, ಅಷ್ಟೇ.

ಬಾಕಿ ಒಂದು ದಿನ ತೀರುತ್ತದೆ. ಸೋರಿಕೆ ತೀರುವುದಿಲ್ಲ. ಹೊರಗೆ 28 ಡಿಗ್ರಿ, ತೇವಾಂಶ ಶೇ. 75 ಅಂದುಕೊಳ್ಳಿ. ಆ ಗಾಳಿಯಲ್ಲಿ ಘನ ಮೀಟರಿಗೆ ಸುಮಾರು 20 ಗ್ರಾಂ ನೀರಿದೆ. ಸೆಲ್ಲರಿನಲ್ಲಿ ನಮಗೆ ಬೇಕಾದದ್ದು 7.4. ಒಳಗೆ ಬರುವ ಪ್ರತಿ ಘನ ಮೀಟರ್ 13 ಗ್ರಾಂ ನೀರನ್ನು ಹೆಚ್ಚುವರಿಯಾಗಿ ಹೊತ್ತು ತರುತ್ತದೆ. ಬಾಗಿಲಿನ ಕೆಳಗಿನ ಸಂದಿಯಿಂದ ಗಂಟೆಗೆ ಎರಡೇ ಘನ ಮೀಟರ್ ನುಗ್ಗಿದರೂ ದಿನಕ್ಕೆ 620 ಗ್ರಾಂ ಆಯಿತು. ಒಂದು ಕಿಲೋ ಒಣ ಸಿಲಿಕಾ ಜೆಲ್ ಶೇ. 65ರ ಗಾಳಿಯಲ್ಲಿ ಹಿಡಿಯುವುದು ಸುಮಾರು 300 ಗ್ರಾಂ. ಅಂದರೆ ದಿನಾ ಎರಡು ಕಿಲೋ ಹೊಸ ಜೆಲ್ ಬೇಕು. ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ.

ತೂಕ ಏನು ಹೇಳುತ್ತದೆ

ಹಾಗಾಗಿ ನನ್ನ ಮೊದಲ ಉಪಕರಣ ತಕ್ಕಡಿ. ಒಂದು ಗ್ರಾಂ ತೋರಿಸುವ ಅಡುಗೆಮನೆಯ ಡಿಜಿಟಲ್ ತಕ್ಕಡಿ ಸಾಕು. ಟ್ರೇಯ ತೂಕ ಬೇರೆ, ಒಣ ಜೆಲ್ಲಿನ ತೂಕ ಬೇರೆ ಬರೆದಿಡಿ. ದಿನಾ ಒಂದೇ ಹೊತ್ತಿಗೆ ತೂಗಿ. ಪಕ್ಕದಲ್ಲಿ ಮೀಟರಿನ ಅಂಕಿ, ತಾಪಮಾನ ಬರೆಯಿರಿ. ಐದು ದಿನದ ಅಂಕಿ ಸಿಕ್ಕಿದರೆ ಅರ್ಧ ಕೆಲಸ ಮುಗಿದ ಹಾಗೆ.

ತೂಕ ಏರುತ್ತಲೇ ಇಲ್ಲ, ಮೀಟರ್ ಮಾತ್ರ ಎತ್ತರದಲ್ಲಿದೆ ಅಂದರೆ ಜೆಲ್ ಮೊದಲೇ ತುಂಬಿಕೊಂಡು ಬಂದಿರಬಹುದು. ಸಡಿಲವಾಗಿ ಕಟ್ಟಿದ ಚೀಲದಲ್ಲಿ ತಿಂಗಳುಗಟ್ಟಲೆ ಬಿದ್ದಿದ್ದ ಜೆಲ್ಲಿನ ಕಥೆ ಇದೇ. ಅದರಿಂದ 100 ಗ್ರಾಂ ತೆಗೆದು ಒಣಗಿಸಿ ತೂಗಿ. 20 ಗ್ರಾಂ, 25 ಗ್ರಾಂ ಕಳೆದುಕೊಂಡರೆ ಅದು ನಿಮ್ಮ ಕೈಗೆ ಬರುವಾಗಲೇ ಒದ್ದೆಯಾಗಿತ್ತು. ಜೆಲ್ ಒಣಗಿಯೇ ಇದ್ದು ಆಗಲೂ ಏರದಿದ್ದರೆ ಗಾಳಿ ಅದನ್ನು ಮುಟ್ಟುತ್ತಿಲ್ಲ ಅಂತ ಅರ್ಥ. ದಪ್ಪ ಪ್ಲಾಸ್ಟಿಕ್ ಚೀಲದಲ್ಲೇ ಬಿಟ್ಟಿರಬಹುದು, ಬಕೆಟ್ಟಿನಲ್ಲಿ ರಾಶಿ ಹಾಕಿರಬಹುದು. ರಾಶಿಯಲ್ಲಿ ಮೇಲಿನ ಪದರ ಮಾತ್ರ ಕೆಲಸ ಮಾಡುತ್ತದೆ. ಎರಡು ಸೆಂಟಿಮೀಟರಿಗಿಂತ ದಪ್ಪ ಹರಡಬೇಡಿ. ಒಂದು ಸಣ್ಣ ಫ್ಯಾನ್ ಗಾಳಿಯನ್ನು ಮೆಲ್ಲಗೆ ಆಡಿಸುತ್ತಿದ್ದರೆ ಮೂಲೆಗಳ ತೇವವೂ ಟ್ರೇಗೆ ಬಂದು ಸೇರುತ್ತದೆ.

ತೂಕ ದಿನದಿಂದ ದಿನಕ್ಕೆ ಏರಿ, ಏರುವ ವೇಗ ಕಡಿಮೆಯಾಗುತ್ತಾ, ಮೀಟರೂ ಒಂದೊಂದೇ ಅಂಕ ಇಳಿಯುತ್ತಿದ್ದರೆ ಮರ, ರಟ್ಟು ಒಣಗುತ್ತಿವೆ. ಜೆಲ್ ಬದಲಿಸುತ್ತಾ ಮುಂದುವರಿಯಿರಿ. ಖಾಲಿ ರಟ್ಟಿನ ಪೆಟ್ಟಿಗೆಗಳನ್ನು ಹೊರಗೆ ಹಾಕಿದರೆ ಇನ್ನೂ ಬೇಗ ಆಗುತ್ತದೆ.

ನನ್ನ ಟ್ರೇಗಳು ಇವೆರಡೂ ಅಲ್ಲದ ಮೂರನೆಯ ಬಗೆಯವು. ದಿನಾ ಒಂದೇ ವೇಗದಲ್ಲಿ ತೂಕ ಏರುತ್ತದೆ. ಜೆಲ್ ತುಂಬಿದ ದಿನ ಏರುವುದು ನಿಲ್ಲುತ್ತದೆ. ಮೀಟರ್ ಇದ್ದಲ್ಲೇ ಇರುತ್ತದೆ. ಹೊಸ ಜೆಲ್ ಇಟ್ಟರೆ ಮತ್ತೆ ಅದೇ ವೇಗ. ಇದು ನೀರು ನಿರಂತರವಾಗಿ ಒಳಗೆ ಬರುತ್ತಿರುವ ಗುರುತು. ಇಲ್ಲಿಂದ ಮುಂದೆ ಜೆಲ್ಲಿನ ಗೊಡವೆ ಬಿಟ್ಟು ಸೋರುವ ಜಾಗ ಹುಡುಕಬೇಕು.

ನೀರು ಬರುವ ದಾರಿ

ಬಾಗಿಲಿನಿಂದ ಶುರು ಮಾಡಿ. ಸೆಲ್ಲರಿನ ಒಳಗೆ ಜೋರು ಬೆಳಕಿನ ಟಾರ್ಚ್ ಹಚ್ಚಿಟ್ಟು, ಹೊರಗಿನ ದೀಪ ಆರಿಸಿ, ಬಾಗಿಲು ಮುಚ್ಚಿ ನೋಡಿ. ಬೆಳಕಿನ ಗೆರೆ ಎಲ್ಲಿ ಕಂಡರೂ ಅಲ್ಲಿ ಗಾಳಿಗೂ ದಾರಿ ಇದೆ. ಬಾಗಿಲಿನ ರಬ್ಬರ್ ಪಟ್ಟಿಗೆ ಇನ್ನೊಂದು ಪರೀಕ್ಷೆ ಇದೆ. ಒಂದು ಕಾಗದದ ಪಟ್ಟಿಯನ್ನು ಮಧ್ಯೆ ಇಟ್ಟು ಬಾಗಿಲು ಹಾಕಿ ಎಳೆಯಿರಿ. ಬಿಗಿಯಾಗಿ ಹಿಡಿದುಕೊಂಡರೆ ಸರಿ. ಬೆಣ್ಣೆಯಿಂದ ಕೂದಲು ತೆಗೆದ ಹಾಗೆ ಸಲೀಸಾಗಿ ಬಂದರೆ ಪಟ್ಟಿ ಬದಲಿಸಿ. ಬಾಗಿಲಿನ ತಳದಲ್ಲಿ ಸಂದಿ ಬಿಡುವುದು ತುಂಬಾ ಸಾಮಾನ್ಯ. ಬೇರೆ ಕೋಣೆಗಳಿಗೆ ಅದು ನಡೆಯುತ್ತದೆ, ಸೆಲ್ಲರಿಗೆ ನಡೆಯುವುದಿಲ್ಲ.

ಆಮೇಲೆ ಗೋಡೆಯ ತೂತುಗಳು. ವಿದ್ಯುತ್ ತಂತಿ, ದೀಪದ ಪೆಟ್ಟಿಗೆ, ತಂಪು ಯಂತ್ರದ ಪೈಪು ಹಾದುಹೋಗುವ ಜಾಗ. ಟಿಶ್ಯೂ ಕಾಗದದ ಸಣ್ಣ ಎಳೆಯೊಂದನ್ನು ಹಿಡಿದು ಪ್ರತಿ ತೂತಿನ ಮುಂದೆ ನಿಲ್ಲಿ. ನನ್ನ ಸೆಲ್ಲರಿನಲ್ಲಿ ಹಿಂದಿನ ಗೋಡೆಯ ರ‍್ಯಾಕನ್ನು ಅರ್ಧ ಖಾಲಿ ಮಾಡಿ, ಕೈ ಒಳಗೆ ಹಾಕಿ ಹಿಡಿದಾಗ ಎಳೆ ಒಮ್ಮೆಲೇ ನನ್ನ ಕಡೆ ಬಾಗಿತು. ಬೆರಳಿಗೆ ಬೆಚ್ಚಗಿನ ಗಾಳಿ ತಾಗಿತು. ಸೆಲ್ಲರ್ ಮಾಡಿದವರು ತಂಪು ಯಂತ್ರದ ಪೈಪಿಗಾಗಿ ಪೈಪಿನ ಎರಡು ಪಟ್ಟು ಅಗಲದ ತೂತು ಕೊರೆದು, ಉಳಿದ ಸುತ್ತನ್ನು ಮುಚ್ಚದೆ ಹೋಗಿದ್ದರು. ಅದರ ಸುತ್ತ ಗೋಡೆಯ ಬಣ್ಣ ಉಬ್ಬಿ, ಕಪ್ಪು ಚುಕ್ಕಿಗಳು ಮೂಡಿದ್ದವು. ಅಷ್ಟು ದಿನ ಅದರ ಎದುರಿಗೇ ನಿಂತು ಲೇಬಲ್ ಒರೆಸಿದ್ದೆ. ಫೋಮ್ ತುಂಬಿ ಮುಚ್ಚಿದ ಮೇಲೆ ದಿನಕ್ಕೆ 300 ಗ್ರಾಂ ಮೀರಿ ಏರುತ್ತಿದ್ದ ತೂಕ 90 ಗ್ರಾಮಿಗೆ ಬಂತು. ಎರಡು ವಾರದಲ್ಲಿ 50ರ ಒಳಗೆ. ಮೀಟರ್ ಶೇ. 70 ತಲುಪಿದ್ದು ಐದನೇ ವಾರದಲ್ಲಿ.

ಗೋಡೆ, ನೆಲ ತಾವೇ ನೀರು ಬಿಡುತ್ತಿದ್ದರೆ ಬೇರೆ ಪರೀಕ್ಷೆ. 45 ಸೆಂಟಿಮೀಟರ್ ಉದ್ದಗಲದ ಪಾರದರ್ಶಕ ಪಾಲಿಥೀನ್ ಹಾಳೆಯನ್ನು ನೆಲಕ್ಕಿಟ್ಟು ನಾಲ್ಕೂ ಅಂಚಿಗೆ ಟೇಪ್ ಹಾಕಿ. ಕನಿಷ್ಠ 16 ಗಂಟೆ ಬಿಡಿ. ಆಮೇಲೆ ನೋಡಿದಾಗ ಹಾಳೆಯ ಅಡಿಯಲ್ಲಿ ಹನಿಗಟ್ಟಿದ್ದರೆ, ಇಲ್ಲವೇ ಕಾಂಕ್ರೀಟ್ ಅಲ್ಲಿ ಮಾತ್ರ ಕಪ್ಪಾಗಿದ್ದರೆ ನೀರು ನೆಲದಿಂದ ಮೇಲೇರುತ್ತಿದೆ. ಹನಿ ಹಾಳೆಯ ಮೇಲ್ಭಾಗದಲ್ಲಿದ್ದರೆ ಅದು ಕೋಣೆಯ ಗಾಳಿಯ ನೀರು. ನೆಲ ತಣ್ಣಗಿರುವುದರಿಂದ ಅಲ್ಲಿ ಇಬ್ಬನಿ ಕೂತಿದೆ. ಗೋಡೆಗೂ ಇದೇ ರೀತಿ ಮಾಡಬಹುದು. ಹೊಸದಾಗಿ ಕಟ್ಟಿದ ಕಾಂಕ್ರೀಟ್ ಅನೇಕ ತಿಂಗಳು ನೀರು ಬಿಡುತ್ತಲೇ ಇರುತ್ತದೆ. ಅಂಥ ಸೆಲ್ಲರಿಗೆ ಬಾಟಲಿ ತುಂಬಲು ಆತುರ ಬೇಡ.

ಇನ್ನೊಂದು ದೋಷ ಕಣ್ಣಿಗೆ ಕಾಣುವುದಿಲ್ಲ. ಗೋಡೆಯೊಳಗೆ ಉಷ್ಣ ತಡೆಯುವ ಪದರದ ಜೊತೆ ನೀರಾವಿ ತಡೆಯುವ ಹಾಳೆ ಇರುತ್ತದೆ. ಅದು ಬೆಚ್ಚಗಿನ ಕಡೆ, ಅಂದರೆ ಸೆಲ್ಲರಿನ ಹೊರಮೈ ಕಡೆ ಇರಬೇಕು. ತಂಪು ಕಡೆ ಹಾಕಿದ್ದರೆ ಹೊರಗಿನ ನೀರಾವಿ ಪದರದೊಳಗೆ ನುಗ್ಗಿ, ಹಾಳೆಯ ಹಿಂದೆ ತಣ್ಣಗಾಗಿ ನೀರಾಗುತ್ತದೆ. ಗೋಡೆ ಒಳಗೊಳಗೇ ಕೊಳೆಯುತ್ತದೆ. ಸೋರಿಕೆ ಎಲ್ಲೂ ಇಲ್ಲ, ನೆಲ ಒಣಗಿದೆ, ಆದರೂ ಗೋಡೆಯಿಂದ ವಾಸನೆ ಬರುತ್ತಿದೆ ಅಂದರೆ ಇದನ್ನೇ ಅನುಮಾನಿಸಿ. ಇದಕ್ಕೆ ಯಾವ ಡೆಸಿಕೆಂಟೂ ಔಷಧಿಯಲ್ಲ. ಗೋಡೆ ಬಿಚ್ಚಲೇಬೇಕು. ಕಹಿ ಸುದ್ದಿ, ಆದರೆ ಬೇಗ ತಿಳಿದಷ್ಟೂ ಒಳ್ಳೆಯದು.

ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿತು, ಕೆಟ್ಟುಹೋಯಿತೇ?

ಈ ಪ್ರಶ್ನೆ ಬಹಳ ಸಲ ಕೇಳಿದ್ದೇನೆ. ನೀಲಿ ಜೆಲ್ಲಿನಲ್ಲಿ ಕೋಬಾಲ್ಟ್ ಕ್ಲೋರೈಡ್ ಇರುತ್ತದೆ. ತೇವ ಹೀರಿದಂತೆ ಅದು ನೀಲಿಯಿಂದ ಗುಲಾಬಿಗೆ ತಿರುಗುತ್ತದೆ. ಆದರೆ ಆ ತಿರುವು ಆಗುವುದು ಶೇ. 40ರ ಆಸುಪಾಸಿನಲ್ಲಿ. ನಮ್ಮ ಗುರಿ ಶೇ. 65. ಅಂದರೆ ಎಲ್ಲವೂ ಸರಿಯಾಗಿರುವ ಸೆಲ್ಲರಿನಲ್ಲೂ ಜೆಲ್ ಗುಲಾಬಿಯಾಗಿಯೇ ಇರುತ್ತದೆ. ಕ್ಯಾಮೆರಾ ಪೆಟ್ಟಿಗೆಗೆ ಬರೆದ ನಿಯಮವನ್ನು ವೈನಿಗೆ ಹಚ್ಚಬಾರದು. ಇಲ್ಲಿ ಬಣ್ಣ ನೋಡಿ ತೀರ್ಮಾನ ಮಾಡಬೇಡಿ, ತೂಕ ನೋಡಿ. ತದ್ವಿರುದ್ಧವಾಗಿ, ವಾರ ಕಳೆದರೂ ಜೆಲ್ ಅಚ್ಚ ನೀಲಿಯಾಗಿಯೇ ಇದ್ದರೆ ಆಗ ಚಿಂತೆ ಮಾಡಿ. ಒಂದೋ ಗಾಳಿ ತಾಗುತ್ತಿಲ್ಲ, ಇಲ್ಲವೇ ಸೆಲ್ಲರ್ ತೀರಾ ಒಣಗಿದೆ.

ಕೋಬಾಲ್ಟ್ ಕ್ಲೋರೈಡ್ ವಿಷಕಾರಿ. ನೀಲಿ ಜೆಲ್ಲನ್ನು ಅಡುಗೆಯ ಓವನ್ನಿಗೆ ಹಾಕಬೇಡಿ. ಹೊಸದಾಗಿ ಕೊಳ್ಳುವುದಾದರೆ ಕಿತ್ತಳೆ ಬಣ್ಣದ್ದು ಅಥವಾ ಬಣ್ಣವೇ ಇಲ್ಲದ ಬಿಳಿಯದು ತೆಗೆದುಕೊಳ್ಳಿ. ತಕ್ಕಡಿ ಇರುವವರಿಗೆ ಬಣ್ಣ ಬೇಕಾಗಿಯೇ ಇಲ್ಲ.

ಒಣಗಿಸಿದ ಜೆಲ್ ಎರಡೇ ದಿನಕ್ಕೆ ತುಂಬಿಬಿಡುತ್ತದೆ

ಸೋರಿಕೆ ಮುಚ್ಚಿದ ಮೇಲೂ ಹೀಗಾದರೆ ಒಣಗಿಸುವುದರಲ್ಲಿ ಎಡವಟ್ಟಾಗಿದೆ. 110ರಿಂದ 120 ಡಿಗ್ರಿ ಶಾಖದಲ್ಲಿ, ತೆಳ್ಳಗೆ ಹರಡಿ, ಎರಡು ಮೂರು ಗಂಟೆ ಇಡಬೇಕು. ಮಣಿಗಳ ಹೊರಮೈ ಬೇಗ ಒಣಗುತ್ತದೆ, ಒಳಗಿನ ನೀರು ನಿಧಾನಕ್ಕೆ ಬರುತ್ತದೆ. ಬಣ್ಣ ಮರಳಿತು ಅಂತ ಅರ್ಧ ಗಂಟೆಗೇ ತೆಗೆದರೆ ಅರ್ಧ ತುಂಬಿದ ಲೋಟವನ್ನೇ ಮತ್ತೆ ಇಟ್ಟ ಹಾಗಾಯಿತು. ಅರ್ಧ ಗಂಟೆಗೊಮ್ಮೆ ತೂಗಿ. ಎರಡು ಸಲ ಒಂದೇ ತೂಕ ಬಂದರೆ ಒಣಗಿದೆ. ಬೇಗ ಆಗಲಿ ಅಂತ ಶಾಖ ಏರಿಸಿದರೆ ಮಣಿಗಳು ಸಿಡಿದು ಪುಡಿಯಾಗುತ್ತವೆ, ಬಣ್ಣದ ಸೂಚಕವೂ ಹಾಳಾಗುತ್ತದೆ.

ತೆಗೆದ ಮೇಲೆ ಬಿಸಿ ಆರುವ ತನಕ ಹೊರಗೆ ತೆರೆದಿಡುವುದು ಇನ್ನೊಂದು ತಪ್ಪು. ಆರುವ ಹೊತ್ತಿಗೆ ಅದು ಅಡುಗೆಮನೆಯ ತೇವವನ್ನು ಹೀರಲು ಶುರು ಮಾಡಿರುತ್ತದೆ. ಮುಟ್ಟಲು ಬರುವಷ್ಟಾದ ಕೂಡಲೇ ಬಿಗಿ ಮುಚ್ಚಳದ ಗಾಜಿನ ಜಾಡಿಗೆ ಹಾಕಿ. ಒಣ ತೂಕವನ್ನು ಜಾಡಿಯ ಮೇಲೆ ಬರೆಯಿರಿ.

ಪ್ಲಗ್ ಹಾಕಿ ಒಣಗಿಸುವ ಸಣ್ಣ ಡಬ್ಬಿಗಳನ್ನು ಸೆಲ್ಲರಿನ ಒಳಗಿನ ಪ್ಲಗ್ಗಿಗೇ ಹಾಕುವವರಿದ್ದಾರೆ. ಹೀರಿದ ನೀರೆಲ್ಲ ಆವಿಯಾಗಿ ಮತ್ತೆ ಅದೇ ಕೋಣೆಗೆ ಬರುತ್ತದೆ. ಹೊರಗೆ ತಂದು ಒಣಗಿಸಿ.

ಕ್ಯಾಲ್ಸಿಯಂ ಕ್ಲೋರೈಡ್ ಇಟ್ಟವರಿಗೆ

ಇದರ ಸ್ವಭಾವವೇ ಬೇರೆ. ಹರಳು ಗಾಳಿಯ ತೇವದಲ್ಲಿ ಕರಗಿ ಉಪ್ಪುನೀರಾಗುತ್ತದೆ, ನೀರಾದ ಮೇಲೂ ಹೀರುತ್ತಲೇ ಇರುತ್ತದೆ. ತನ್ನ ತೂಕಕ್ಕಿಂತ ಜಾಸ್ತಿ ನೀರು ಹಿಡಿಯುತ್ತದೆ. ಮರದ ಬಾಕಿ ತೀರಿಸುವ ಮೊದಲ ವಾರಗಳಲ್ಲಿ ಇದು ಸಿಲಿಕಾ ಜೆಲ್ಲಿಗಿಂತ ಲಾಭದ್ದು. ಆದರೆ ಇದರ ದೋಷಗಳೂ ಹಾಗೇ ಇವೆ.

ಹರಳು ಒಂದೇ ಗಟ್ಟಿಯಾಗಿ ಮೇಲೆ ಹೆಪ್ಪುಗಟ್ಟಿದರೆ ಹೀರುವುದು ನಿಧಾನವಾಗುತ್ತದೆ. ಕೋಲಿನಿಂದ ಒಡೆದು ಬಿಡಿ. ತುಂಬಿದ ಡಬ್ಬಿಯನ್ನು ಚೆಲ್ಲದೆ ಹಾಗೇ ಬಿಟ್ಟರೆ ಇನ್ನೊಂದು ತೊಂದರೆ. ಶೇ. 90ರಲ್ಲಿ ತುಂಬಿದ ತೆಳು ಉಪ್ಪುನೀರು, ಕೋಣೆ ಶೇ. 65ಕ್ಕೆ ಇಳಿಯುತ್ತಿದ್ದಂತೆ ನೀರನ್ನು ವಾಪಸ್ ಗಾಳಿಗೆ ಬಿಡುತ್ತದೆ. ಮೀಟರ್ 70ರ ಮೇಲೆ ಎಲ್ಲೋ ಸಿಕ್ಕಿಹಾಕಿಕೊಂಡಿದ್ದರೆ ಹಳೆಯ ಡಬ್ಬಿಗಳನ್ನು ಹೊರಗೆ ಹಾಕಿ ನೋಡಿ.

ರ‍್ಯಾಕಿನ ಮರ ಒಂದು ಕಡೆ ಸದಾ ಒದ್ದೆಯಾಗಿದೆ, ಒರೆಸಿದರೂ ಮರುದಿನ ಮತ್ತೆ ಒದ್ದೆ ಅಂದರೆ ಅದು ಸೋರಿಕೆಯಲ್ಲ. ಎಂದೋ ಚೆಲ್ಲಿದ ಉಪ್ಪುನೀರು ಅಲ್ಲೇ ಕೂತು ಗಾಳಿಯಿಂದ ನೀರು ಎಳೆಯುತ್ತಿದೆ. ಬೆರಳಿಗೆ ಎಣ್ಣೆ ಸವರಿದ ಹಾಗೆ ಜಾರುತ್ತದೆ, ಅದೇ ಗುರುತು. ಬರೀ ನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯಿಂದ ಹಲವು ಸಲ ಒರೆಸಿ ಉಪ್ಪನ್ನೇ ತೆಗೆಯಬೇಕು. ಕೈಗೆ ಗ್ಲೌಸ್ ಹಾಕಿಕೊಳ್ಳಿ. ಕಬ್ಬಿಣದ ಮೊಳೆ, ಸ್ಕ್ರೂಗಳಿಗೆ ಈ ನೀರು ತಾಗಿದರೆ ಬೇಗ ತುಕ್ಕು ಹಿಡಿಯುತ್ತದೆ. ಡಬ್ಬಿಯನ್ನು ಯಾವಾಗಲೂ ನೆಲದ ಮೇಲೆ, ಇನ್ನೊಂದು ಅಗಲ ಪಾತ್ರೆಯೊಳಗೆ ಇಡಿ. ಬಾಟಲಿಗಳ ಮೇಲಿನ ಸಾಲಿನಲ್ಲಿ ಖಂಡಿತ ಬೇಡ.

ಮೀಟರ್ ದಿನಕ್ಕೆ ಹತ್ತು ಸಲ ಏರಿಳಿಯುತ್ತಿದೆ

ಇದು ನೀರಿನ ದೋಷವೇ ಅಲ್ಲ, ತಾಪಮಾನದ್ದು. ಶೇ. 65ರ ಗಾಳಿಯನ್ನು 14 ಡಿಗ್ರಿಯಿಂದ 12ಕ್ಕೆ ಇಳಿಸಿದರೆ, ಒಂದು ಹನಿ ನೀರು ಸೇರದೆಯೂ ಅದು ಶೇ. 73 ದಾಟುತ್ತದೆ. ತಂಪು ಯಂತ್ರ ಕೋಣೆಗೆ ಬೇಕಾದದ್ದಕ್ಕಿಂತ ದೊಡ್ಡದಾಗಿದ್ದರೆ ಹೀಗೆ ಆಗುತ್ತದೆ. ಬೇಗ ತಂಪು ಮಾಡಿ ನಿಂತುಬಿಡುತ್ತದೆ. ಅದರ ಕಾಯಿಲ್, ಅಂದರೆ ತಣ್ಣನೆಯ ಕೊಳವೆಗಳ ಮೇಲೆ ಹನಿಗಟ್ಟಿ ನೀರು ಹರಿದುಹೋಗಲು ಸಮಯವೇ ಸಿಗುವುದಿಲ್ಲ. ನೀರು ಹೋಗುವ ಪೈಪು ಕಟ್ಟಿಕೊಂಡಿದೆಯೇ ಅಂತಲೂ ನೋಡಿ. ಅದರಲ್ಲಿ ಪಾಚಿ ಕಟ್ಟಿ, ಯಂತ್ರದ ತಟ್ಟೆಯಲ್ಲಿ ನಿಂತ ನೀರು ಮತ್ತೆ ಕೋಣೆಗೆ ಆವಿಯಾಗುವುದನ್ನು ಕಂಡಿದ್ದೇನೆ. ಹೊರಗೆ ತಂಪಾಗಿರುವ ತಿಂಗಳುಗಳಲ್ಲಿ ಯಂತ್ರ ಓಡುವುದೇ ಕಡಿಮೆ. ಆಗ ತೇವ ತೆಗೆಯುವವರು ಯಾರೂ ಇರುವುದಿಲ್ಲ. ಡೆಸಿಕೆಂಟ್ ನಿಜಕ್ಕೂ ಬೇಕಾಗುವುದು ಆ ಹೊತ್ತಿಗೆ.

ತೀರಾ ಒಣಗಿಹೋದರೆ

ದೊಡ್ಡ ಕೋಣೆಯಲ್ಲಿ ಇದು ಅಪರೂಪ. ಬಿಗಿಯಾಗಿ ಮುಚ್ಚುವ ಸಣ್ಣ ಕಪಾಟಿನಲ್ಲಿ ಒಂದೇ ದಿನದಲ್ಲಿ ಆಗಿಬಿಡುತ್ತದೆ. ಕ್ಯಾಲ್ಸಿಯಂ ಕ್ಲೋರೈಡಿಗೆ ಶೇ. 35ರ ತನಕ ಎಳೆಯುವ ಶಕ್ತಿಯಿದೆ. ಮಾಲಿಕ್ಯುಲರ್ ಸೀವ್ ಅನ್ನುವ ಮಣಿಗಳು ಇನ್ನೂ ಕೆಳಗೆ ಎಳೆಯುತ್ತವೆ, ಅವನ್ನು ವೈನಿನ ಹತ್ತಿರ ತರಲೇಬೇಡಿ. ಕಪಾಟಿಗೆ ಒಳ್ಳೆಯದು ಎರಡೂ ಕಡೆ ಕೆಲಸ ಮಾಡುವ ಪೊಟ್ಟಣಗಳು. ಶೇ. 65 ಅಂತ ಬರೆದದ್ದು ತೇವ ಜಾಸ್ತಿಯಾದರೆ ಹೀರುತ್ತದೆ, ಕಡಿಮೆಯಾದರೆ ಬಿಡುತ್ತದೆ. ಸಾಮಾನ್ಯ ಸಿಲಿಕಾ ಜೆಲ್ ಈ ಕೆಲಸಕ್ಕೆ ಅಷ್ಟು ಸರಿಹೋಗುವುದಿಲ್ಲ. ಶೇ. 60 ದಾಟಿದ ಮೇಲೆ ಅದು ಹೊಸದಾಗಿ ಹೀರುವುದೂ ಬಿಡುವುದೂ ಬಹಳ ಕಡಿಮೆ.

ಒಂದೆರಡು ವಾರ ಶೇ. 40ಕ್ಕೆ ಇಳಿದಿತ್ತು ಅಂತ ಗಾಬರಿ ಬೇಡ. ಮಲಗಿಸಿಟ್ಟ ಬಾಟಲಿಯಲ್ಲಿ ಕಾರ್ಕಿನ ಒಳತುದಿ ವೈನಿನಲ್ಲೇ ನೆನೆದಿರುತ್ತದೆ. ಡೆಸಿಕೆಂಟ್ ಹೊರಗೆ ತೆಗೆಯಿರಿ, ಸಾಕು. ಸ್ಕ್ರೂ ಮುಚ್ಚಳದ ಬಾಟಲಿಗಳಿಗೆ ಇದರ ಚಿಂತೆಯೇ ಇಲ್ಲ.

ಯಂತ್ರವೇ ತರುವುದಾದರೆ

ಸೋರಿಕೆ ಮುಚ್ಚಿದ ಮೇಲೂ ದಿನಕ್ಕೆ ಅರ್ಧ ಲೀಟರಿನ ಹತ್ತಿರ ಬರುತ್ತಿದ್ದರೆ ಟ್ರೇಗಳಿಂದ ಆಗುವ ಕೆಲಸವಲ್ಲ. ತೇವ ತೆಗೆಯುವ ಯಂತ್ರಗಳಲ್ಲಿ ಕಂಪ್ರೆಸರ್ ಇರುವುದು 13 ಡಿಗ್ರಿಯಲ್ಲಿ ಬಳಲುತ್ತದೆ, ಕಾಯಿಲ್ ಮೇಲೆ ಮಂಜು ಕಟ್ಟುತ್ತದೆ. ಡೆಸಿಕೆಂಟ್ ಚಕ್ರ ಇರುವುದು ತಂಪಿನಲ್ಲೂ ಚೆನ್ನಾಗಿ ನಡೆಯುತ್ತದೆ. ಆದರೆ ಚಕ್ರವನ್ನು ಒಣಗಿಸಲು ಅದು ಶಾಖ ಬಳಸುತ್ತದೆ, ಹಾಗಾಗಿ ಬೆಚ್ಚಗಿನ ಗಾಳಿ ಬಿಡುತ್ತದೆ. ಯಂತ್ರ ತಂದ ಮೇಲೆ ತಂಪು ಯಂತ್ರ ಬಿಡುವಿಲ್ಲದೆ ಓಡತೊಡಗಿದರೆ ಕಾರಣ ಇದೇ. ಒದ್ದೆ ಗಾಳಿಯನ್ನು ಹೊರಗೆ ಬಿಡುವ ಪೈಪು ಇರುವ ಮಾದರಿಯಲ್ಲಿ ಆ ಪೈಪಿನ ಜೋಡಣೆ ಸಡಿಲವಾಗಿದ್ದರೆ ನೀರು ಮತ್ತೆ ಸೆಲ್ಲರಿಗೇ ಬರುತ್ತದೆ. ಯಂತ್ರ ದಿನವಿಡೀ ಓಡುತ್ತದೆ, ಮೀಟರ್ ಕದಲುವುದಿಲ್ಲ. ಅಂಗೈಯನ್ನು ಜೋಡಣೆಯ ಸುತ್ತ ಹಿಡಿದು ನೋಡಿ, ಬಿಸಿ ಗಾಳಿ ತಾಗಿದರೆ ಟೇಪ್ ಸುತ್ತಿ.

ಬೂಷ್ಟು ಒರೆಸುವಾಗ

ತೇವ ಶೇ. 70ಕ್ಕಿಂತ ಕೆಳಗೆ ಬಂದು ಒಂದೆರಡು ವಾರ ಹಾಗೇ ನಿಂತ ಮೇಲೆ ಒರೆಸಿ. ಮೊದಲೇ ಒರೆಸಿದರೆ ಮತ್ತೆ ಬರುತ್ತದೆ. ಕಾರ್ಕಿನ ಹೊರತುದಿಯಲ್ಲಿ, ಮೇಲಿನ ಹೊದಿಕೆಯ ಕೆಳಗೆ ಕಾಣುವ ಬೂಷ್ಟಿನಿಂದ ವೈನಿಗೆ ಸಾಮಾನ್ಯವಾಗಿ ಏನೂ ಆಗುವುದಿಲ್ಲ. ಬಾಟಲಿ ತೆರೆಯುವಾಗ ಒರೆಸಿಕೊಂಡರಾಯಿತು.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಸೆಲ್ಲರಿನಲ್ಲಿ ಕ್ಲೋರಿನ್ ಇರುವ ಬ್ಲೀಚ್ ಬಳಸಬೇಡಿ. ಕ್ಲೋರಿನ್, ಮರ, ಬೂಷ್ಟು ಮೂರೂ ಸೇರಿದರೆ ಟ್ರೈಕ್ಲೋರೋಅನಿಸೋಲ್ ಅನ್ನುವ ವಸ್ತು ಹುಟ್ಟಬಹುದು. ಕಾರ್ಕ್ ಕೆಟ್ಟ ವೈನಿನಲ್ಲಿ ಬರುವ ಒದ್ದೆ ರಟ್ಟಿನ ವಾಸನೆ ಇದರದ್ದೇ. ಇದು ಮರದಲ್ಲಿ ಒಮ್ಮೆ ಸೇರಿಕೊಂಡರೆ ತೆಗೆಯುವುದು ತುಂಬಾ ಕಷ್ಟ. ವಾಸನೆಯಿಲ್ಲದ ಸೋಪಿನ ನೀರಿನಲ್ಲಿ ಬಟ್ಟೆ ಅದ್ದಿ, ಚೆನ್ನಾಗಿ ಹಿಂಡಿ, ರ‍್ಯಾಕನ್ನು ಒರೆಸಿ. ಲೇಬಲ್ಲನ್ನು ಒದ್ದೆ ಮಾಡಬೇಡಿ, ಒಣ ಮೆತ್ತನೆಯ ಬ್ರಷ್ ಸಾಕು. ಕೆಲಸ ಮುಗಿದ ಮೇಲೆ ಬಕೆಟ್ಟು, ಒದ್ದೆ ಬಟ್ಟೆ ಎಲ್ಲವನ್ನೂ ಹೊರಗೆ ತನ್ನಿ. ಬಟ್ಟೆಯನ್ನು ಸೆಲ್ಲರಿನೊಳಗೇ ಒಣಗಲು ಬಿಟ್ಟರೆ ಅದರಲ್ಲಿರುವ ನೀರನ್ನೂ ನಿಮ್ಮ ಜೆಲ್ಲೇ ಕುಡಿಯಬೇಕಾಗುತ್ತದೆ.